ಗುಂಡು ಹಾರಿಸದ ಹಡಗು



"ನಮ್ಮ ಹುಡುಗ ರಾತ್ರಿಯೆಲ್ಲ ಫೋನಿನಲ್ಲಿ ಯುದ್ಧ ಮಾಡುತ್ತಾನೆ ಫಾದರ್, ಇದು ಪಾಪವೇ?" ಬಳ್ಳಾರಿ ನಗರವಾಗಲಿ, ಸಿರುಗುಪ್ಪವಾಗಲಿ, ಕುರುಗೋಡಾಗಲಿ, ಮನೆಭೇಟಿಗೆ ಹೋದ ಗುರುಗಳಿಗೆ ಇಂದು ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಫೋನನ್ನು ಕಿತ್ತುಕೊಳ್ಳಿ ಎಂದು ಹೇಳಿಬಿಡುವುದು ಸುಲಭ. ಆದರೆ ಪುಸ್ತಕವನ್ನು ಓದದೆ ವಿಮರ್ಶಿಸುವುದು ಹೇಗೆ ಅನ್ಯಾಯವೋ, ಆಟವನ್ನು ನೋಡದೆ ಖಂಡಿಸುವುದೂ ಹಾಗೆಯೇ. 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಹಿಂಸೆಯನ್ನು ವೈಭವೀಕರಿಸುವ ವಿಡಿಯೊ ಆಟಗಳನ್ನು ಕಟುವಾಗಿಯೇ ಖಂಡಿಸಿದರು. ಅದೇ ಸಂದೇಶದಲ್ಲಿ ಮಕ್ಕಳಿಗೆ ವಿವೇಚನೆಯನ್ನು ಕಲಿಸುವ ಹೊಣೆಯನ್ನು ಹೆತ್ತವರಿಗೂ ಧರ್ಮಸಭೆಗೂ ಶಾಲೆಗೂ ವಹಿಸಿದರು. ಮೊದಲನೆಯ ಮಾತು ನಮಗೆ ಚೆನ್ನಾಗಿ ನೆನಪಿರುತ್ತದೆ. ಎರಡನೆಯದು ಅಷ್ಟಾಗಿ ಇಲ್ಲ.

ನಮ್ಮ ಹುಡುಗರ ತಂಡದ ಆಟಗಳಿಗೆಲ್ಲ ಒಬ್ಬ ಅಜ್ಜನಿದ್ದಾನೆ. ಅವನ ವಾಸ ಅಂತರಿಕ್ಷದಲ್ಲಿ. 1962ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು 'ಸ್ಪೇಸ್‌ವಾರ್' ಎಂಬ ಆಟವನ್ನು ರೂಪಿಸಿದರು. ನಡುವೆ ತನ್ನತ್ತ ಸೆಳೆಯುವ ಒಂದು ನಕ್ಷತ್ರ, ಅದರ ಸುತ್ತ ಪರಸ್ಪರ ಗುಂಡಿಡುವ ಎರಡು ನೌಕೆಗಳು, ಅಷ್ಟೇ. 1972ರ ಅಕ್ಟೋಬರ್ 19ರಂದು ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಈ ಆಟದ ಪಂದ್ಯಾವಳಿ ನಡೆಯಿತು. ಅದರಲ್ಲಿ ತಂಡಗಳ ಕಾಳಗವೂ ಇತ್ತು. ಬಹುಮಾನ, 'ರೋಲಿಂಗ್ ಸ್ಟೋನ್' ಪತ್ರಿಕೆಯ ಒಂದು ವರ್ಷದ ಚಂದಾ. (ಚಂದಾದಾರರನ್ನು ಹೆಚ್ಚಿಸುವ ಈ ಉಪಾಯ ನಮ್ಮ ಮಾಸಪತ್ರಿಕೆಗಳಿಗೆ ಇನ್ನೂ ಹೊಳೆದಂತಿಲ್ಲ!)

ಆ ಅಜ್ಜನ ವಂಶದಲ್ಲಿ ವಿಮರ್ಶೆಗೆ ಅತ್ಯಂತ ಯೋಗ್ಯವಾದುದು ಐಸ್‌ಲ್ಯಾಂಡ್ ದೇಶದ ಸಿ.ಸಿ.ಪಿ. ಸಂಸ್ಥೆ 2003ರಲ್ಲಿ ಹೊರತಂದ 'ಈವ್ ಆನ್‌ಲೈನ್'. ನಾನಾ ದೇಶಗಳ ಸಾವಿರಾರು ಜನ ಒಂದೇ ಆಕಾಶವನ್ನು ಹಂಚಿಕೊಂಡು ಅಲ್ಲಿ ವ್ಯಾಪಾರ ಮಾಡುತ್ತಾರೆ, ಹಡಗು ಕಟ್ಟುತ್ತಾರೆ, ಗಣಿಗಾರಿಕೆಯನ್ನೂ ನಡೆಸುತ್ತಾರೆ. ಗಣಿ ಎಂದೊಡನೆ ಬಳ್ಳಾರಿಯವರಾದ ನಮ್ಮ ಕಿವಿ ನೆಟ್ಟಗಾಗುವುದು ಸಹಜ. ಅಲ್ಲಿಯೂ ಜಗಳ ಹುಟ್ಟುವುದು ಬಹುಪಾಲು ಅದರಿಂದಲೇ. ಅಲ್ಲಿನ ಮೈತ್ರಿಕೂಟಗಳ ನಡುವೆ 'ಅಲಯನ್ಸ್ ಟೂರ್ನಮೆಂಟ್' ಎಂಬ ಪಂದ್ಯಾವಳಿ ನಡೆಯುತ್ತ ಬಂದಿದೆ. ರೂಢಿಯ ಪಂದ್ಯದಲ್ಲಿ ಒಂದೊಂದು ಕಡೆ ಹತ್ತು ಜನ. ಅವಧಿ ಹತ್ತು ನಿಮಿಷ. ಪ್ರತಿ ಹಡಗಿಗೂ ಇಂತಿಷ್ಟು ಅಂಕವೆಂಬ ಬೆಲೆಯಿದೆ, ತಂಡದ ಒಟ್ಟು ಅಂಕಕ್ಕೆ ಮಿತಿಯಿದೆ. ಆದ್ದರಿಂದ ಹತ್ತು ದೈತ್ಯ ಹಡಗುಗಳನ್ನು ತಂದು ನಿಲ್ಲಿಸಲಾಗದು. ದೊಡ್ಡದರ ಪಕ್ಕದಲ್ಲಿ ಚಿಕ್ಕದು ಇರಲೇಬೇಕು.

ನೋಡುವವರಿಗೆ ಈ ಪಂದ್ಯ ಮೊದಮೊದಲು ನೀರಸ. ಕಪ್ಪು ಪರದೆಯ ಮೇಲೆ ಚುಕ್ಕೆಗಳು, ಗೆರೆಗಳು, ಬರಿದಾಗುತ್ತ ಹೋಗುವ ವೃತ್ತಗಳು. ವೀಕ್ಷಕ ವಿವರಣೆ ಇಲ್ಲದಿದ್ದರೆ ಯಾರು ಯಾರನ್ನು ಹೊಡೆದರೆಂದೂ ತಿಳಿಯದು. ಇದನ್ನು ದೋಷವೆಂದೇ ಎಣಿಸುತ್ತೇನೆ. ಆದರೆ ಒಂದೆರಡು ಪಂದ್ಯ ನೋಡುವಷ್ಟರಲ್ಲಿ ಕಣ್ಣು ಒಂದು ಹಡಗಿನ ಮೇಲೆ ನೆಡುತ್ತದೆ. ಅದು ಗುಂಡು ಹಾರಿಸಲೆಂದು ಬಂದುದಲ್ಲ. ಏಟು ತಿಂದ ಸಂಗಾತಿಯ ಕವಚವನ್ನು ದೂರದಿಂದಲೇ ಸರಿಪಡಿಸುವುದು ಅದರ ಕೆಲಸ. ಇಂತಹ ಹಡಗುಗಳು ತಂಡಕ್ಕೆ ಒಂದೋ ಎರಡೋ ಎಂದು ನಿಯಮವೇ ಕಟ್ಟುಹಾಕಿದೆ. ಹೆಚ್ಚಾದರೆ ಯಾರೂ ಸೋಲುವುದಿಲ್ಲ! ಎದುರಾಳಿಗಳು ಮೊದಲು ಗುರಿಯಿಡುವುದು ಅನೇಕ ವೇಳೆ ಇದಕ್ಕೇ. ಅದನ್ನು ಉಳಿಸಲು ಉಳಿದವರು ತಮ್ಮ ಮೈಯೊಡ್ಡುತ್ತಾರೆ.

ವಿಮೋಚನಾಕಾಂಡದ ಹದಿನೇಳನೆಯ ಅಧ್ಯಾಯ ನಿಮಗೆ ನೆನಪಾಗಿರಬಹುದು. ರೆಫೀದೀಮಿನಲ್ಲಿ ಯೆಹೋಶುವನು ಅಮಾಲೇಕ್ಯರೊಡನೆ ಹೋರಾಡುತ್ತಿದ್ದಾನೆ. ಗುಡ್ಡದ ಮೇಲೆ ಮೋಶೆಯ ಕೈಗಳು ಸೋತು ಇಳಿಯುತ್ತಿವೆ. ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಸಂಜೆಯವರೆಗೆ ಆ ಕೈಗಳನ್ನು ಎತ್ತಿ ಹಿಡಿಯುತ್ತಾರೆ. ಆ ದಿನದ ಗೆಲುವಿನಲ್ಲಿ ಇವರಿಬ್ಬರು ಒಂದೂ ಏಟು ಹೊಡೆಯಲಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಈ ಪ್ರಸಂಗವನ್ನು ಎಷ್ಟು ವಿವರಿಸಿದರೂ ತಲೆದೂಗದ ಹುಡುಗನಿಗೆ, ಆ ಹಡಗನ್ನು ನಡೆಸಿದವನು ಹತ್ತೇ ನಿಮಿಷದಲ್ಲಿ ಅದನ್ನು ಅರ್ಥ ಮಾಡಿಸಬಲ್ಲ.

ಇನ್ನೊಂದು ಗುಣ, ನಷ್ಟದ ಸತ್ಯ. ಹೆಚ್ಚಿನ ಆಟಗಳಲ್ಲಿ ಸತ್ತವರು ಮರುಗಳಿಗೆಗೆ ಮೊದಲಿನಂತೆಯೇ ಎದ್ದು ನಿಲ್ಲುತ್ತಾರೆ. ಈವ್‌ನಲ್ಲಿ ಆಟಗಾರನು ಉಳಿದರೂ ಒಡೆದ ಹಡಗು ಹೋದದ್ದೇ. ತಿಂಗಳುಗಟ್ಟಲೆ ದುಡಿದು ಕಟ್ಟಿದ್ದರೂ ಅಷ್ಟೇ. ಬೆಳೆದ ಭತ್ತ ನೀರಿಲ್ಲದೆ ಒಣಗುವುದನ್ನು ಕಂಡ ಸಿರುಗುಪ್ಪದ ರೈತನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾದಾಗ ನಮ್ಮ ಸೀಮೆಯ ಎದೆ ಹೇಗೆ ಬಡಿದುಕೊಂಡಿತೆಂಬುದು ನಿಮಗೆ ಗೊತ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಂತ್ರಜ್ಞರೂ ಕಾರ್ಮಿಕರೂ ರಭಸದಿಂದ ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ತಂಡವೆಂದರೆ ಏನೆಂದು ಮಕ್ಕಳಿಗೆ ತೋರಿಸಲು ನಮ್ಮ ಬಳಿಯಲ್ಲೇ ಇರುವ ನಿದರ್ಶನ ಅದು; ಅಲ್ಲಿ ಕಾಲು ಜಾರಿದ್ದರೆ ಹೋಗುತ್ತಿದ್ದುದು ಪ್ರಾಣ. ಪರದೆಯ ನಷ್ಟ ಎಷ್ಟೇ ನಿಜವೆನಿಸಿದರೂ ಆ ನಷ್ಟದ ನೆರಳು ಮಾತ್ರ.

ಹಾಗೆಂದು ಅಲ್ಲಿನ ಸ್ನೇಹವೂ ನೆರಳೇ ಎನ್ನಲು ಮನಸ್ಸು ಒಪ್ಪುವುದಿಲ್ಲ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ನಡೆದ ದಾಳಿಯಲ್ಲಿ ಮಡಿದವರಲ್ಲಿ ಶಾನ್ ಸ್ಮಿತ್ ಒಬ್ಬರು. ಈವ್ ಲೋಕದಲ್ಲಿ ಅವರು 'ವೈಲ್ ರ‍್ಯಾಟ್' ಎಂಬ ಹೆಸರಿನ ಸಂಧಾನಕಾರರು. ಸುದ್ದಿ ತಿಳಿದಾಗ ಮಿತ್ರರಷ್ಟೇ ಅಲ್ಲ, ಎದುರಾಳಿ ಬಣದವರೂ ತಮ್ಮ ಅಂತರಿಕ್ಷ ನಿಲ್ದಾಣಗಳಿಗೆ ಅವರ ಹೆಸರನ್ನಿಟ್ಟು ಶೋಕಿಸಿದರು. ಮುಖವನ್ನೇ ಕಾಣದವರು ಹೀಗೆ ಶೋಕಿಸಬಲ್ಲರೆಂಬುದನ್ನು ನಾವು ಹಗುರವಾಗಿ ಕಾಣಬಾರದು.

ನನ್ನ ತಕರಾರು ಬೇರೆ ಇದೆ. 2014ರ ಜನವರಿ 27 ಮತ್ತು 28ರಂದು ಈವ್‌ನ 'ಬಿ-ಆರ್5ಆರ್‌ಬಿ' ಎಂಬ ತಾಣದಲ್ಲಿ ನಡೆದ ಮಹಾಕಾಳಗವನ್ನೇ ನೋಡಿ. ಇದು ಹತ್ತು ನಿಮಿಷದ ಪಂದ್ಯವಲ್ಲ, ಬಯಲಿನ ಯುದ್ಧ. ಒಂದು ಬಣದವರ ನೆಲೆಯ ಬಾಡಿಗೆ ಕಟ್ಟುವುದು ತಪ್ಪಿಹೋಯಿತು, ಅಷ್ಟರಿಂದಲೇ ಹೊತ್ತಿಕೊಂಡಿತು. ಏಳು ಸಾವಿರಕ್ಕೂ ಹೆಚ್ಚು ಜನ, ಸುಮಾರು 21 ಗಂಟೆ, ಒಡೆದ ಮಹಾನೌಕೆಗಳು 75. ನಿಜವಾದ ಹಣದಲ್ಲಿ ಲೆಕ್ಕ ಹಾಕಿದವರು ನಷ್ಟವನ್ನು ಮೂರು ಲಕ್ಷ ಡಾಲರ್ ಎಂದರು. ಜನ ಹೆಚ್ಚಾದಾಗ ಯಂತ್ರ ಕುಸಿಯದಂತೆ ಈ ಆಟ ತನ್ನ ಕಾಲವನ್ನೇ ಹತ್ತನೆಯ ಒಂದು ಪಾಲಿಗೆ ನಿಧಾನಿಸುತ್ತದೆ. ಆಟದ ಒಂದು ನಿಮಿಷಕ್ಕೆ ಮನುಷ್ಯ ತನ್ನ ಹತ್ತು ನಿಮಿಷಗಳನ್ನು ತೆರಬೇಕು. ಯಂತ್ರಕ್ಕೆ ಆಯಾಸವಾಗದಂತೆ ಇಷ್ಟು ಜಾಣತನದಿಂದ ಏರ್ಪಾಡು ಮಾಡಿದವರು, ಮುಂದೆ ಕುಳಿತವನ ಬೆನ್ನು, ಕಣ್ಣು, ನಿದ್ರೆಗಳಿಗೆ ಏನು ಏರ್ಪಾಡು ಮಾಡಿದರು? ಹಡಗನ್ನು ಸರಿಪಡಿಸಲು ಹಡಗಿದೆ. ಆಟಗಾರನನ್ನು ಸರಿಪಡಿಸುವವರು ಆ ಆಕಾಶದಲ್ಲಿ ಯಾರೂ ಇಲ್ಲ. ಸಬ್ಬತ್ ಇಲ್ಲದ ಲೋಕ ಅದು. ತಂಡದ ನಿಷ್ಠೆ ಹೆಚ್ಚಿದಷ್ಟೂ ಎದ್ದು ಹೋಗುವುದು ದ್ರೋಹವೆನಿಸುತ್ತದೆ. ಸದ್ಗುಣವೇ ಇಲ್ಲಿ ಸರಪಳಿಯಾಗುತ್ತದೆ.

ನಮ್ಮ ಊರುಗಳ ಹುಡುಗರಲ್ಲಿ ಈವ್ ಆಡುವವರು ವಿರಳ. ಅದಕ್ಕೆ ಕಂಪ್ಯೂಟರ್ ಬೇಕು, ತಾಳ್ಮೆ ಅದಕ್ಕಿಂತ ಹೆಚ್ಚು ಬೇಕು. ಇಲ್ಲಿನವರು ಆಡುವುದು ಫೋನಿನ ನಾಲ್ವರ ತಂಡದ ಕಾಳಗಗಳನ್ನು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮರೆಯಾಯಿತು, 2023ರಲ್ಲಿ ಮರಳಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯಿದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿತು. ಕೃತಿಯಾಗಿ ನೋಡಿದರೆ ಈ ಫೋನಿನ ಆಟಗಳು ಬಡವು: ನಷ್ಟಕ್ಕೆ ತೂಕವಿಲ್ಲ, ಬಹುಮಾನ ಥಟ್ಟನೆ ಬರುತ್ತದೆ. ಆದರೂ ಅಲ್ಲಿಯೂ, ಏಟು ತಿಂದು ತೆವಳುತ್ತಿರುವ ಸಂಗಾತಿಯ ಬಳಿ ಗುಂಡಿನ ಮಳೆಯಲ್ಲಿ ಓಡಿ, ಬಾಗಿ, ಅವನನ್ನು ಎಬ್ಬಿಸುವ ಕ್ಷಣವೊಂದಿದೆ. ಅಜ್ಜನ ಮನೆತನದ ಗುರುತು ಅಷ್ಟರ ಮಟ್ಟಿಗೆ ಉಳಿದಿದೆ.

2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುಟಿಸ್ ವಿಡಿಯೊ ಆಟಗಳನ್ನು ಇಷ್ಟಪಡುತ್ತಿದ್ದ ಹುಡುಗ; 2006ರಲ್ಲಿ ತೀರಿಕೊಂಡಾಗ ವಯಸ್ಸು ಹದಿನೈದು. ಆಟಕ್ಕೆ ವಾರಕ್ಕೆ ಒಂದೇ ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನಚರಿತ್ರೆಕಾರರು ಹೇಳುತ್ತಾರೆ. ಆ ಮಿತಿ ಹೊರಗಿನವರು ಹೇರಿದ್ದಲ್ಲವೆಂಬುದನ್ನು ಗಮನಿಸಿ. ಐಸ್‌ಲ್ಯಾಂಡಿನ ಮಧ್ಯಾಹ್ನ ಮೂರು ನಮಗೆ ರಾತ್ರಿ ಎಂಟೂವರೆ. ಶನಿವಾರ ಅಲ್ಲಿ ಸಂಜೆಯವರೆಗೆ ನಡೆಯುವ ಪಂದ್ಯ ನಮ್ಮ ಭಾನುವಾರದ ಬಲಿಪೂಜೆಯ ನಿದ್ರೆಯನ್ನು ತಿನ್ನುತ್ತದೆ. ಪ್ರಬೋಧನೆಯ ವೇಳೆ ಆಕಳಿಸುವವರೆಲ್ಲ ಪ್ರಬೋಧನೆಯಿಂದಲೇ ಆಕಳಿಸುತ್ತಿದ್ದಾರೆಂದು ನಾವು ಗುರುಗಳು ಭಾವಿಸಬೇಕಾಗಿಲ್ಲ.

ಇಂದು ರಾತ್ರಿ ಪಂದ್ಯವಿದೆ ಎಂದು ಮಗ ಹೇಳಿದಾಗ, ತಂಡದಲ್ಲಿ ಅವನ ಕೆಲಸವೇನೆಂದು ಒಮ್ಮೆ ಕೇಳಿ. ಹೊಡೆಯುವವನೋ, ದಾರಿ ಹೇಳುವವನೋ, ಬಿದ್ದವರನ್ನು ಎಬ್ಬಿಸುವವನೋ? ಸರಿಯಾಗಿ ಕೇಳಿದರೆ, ಅದನ್ನು ವಿವರಿಸಲು ಅವನಿಗೆ ಹತ್ತು ನಿಮಿಷವಾದರೂ ಬೇಕಾಗುತ್ತದೆ. ಅಷ್ಟು ಹೊತ್ತು ಫೋನು ಕೆಳಗಿರುತ್ತದೆ.