ಗ್ರಾಹಕ ಯಾರು, ಫಲಾನುಭವಿ ಯಾರು?

ಕನ್ನಡದಲ್ಲಿ ಈಚೆಗೆ ಗ್ರಾಹಕರ ಹಕ್ಕು, ಡಿಜಿಟಲ್ ಹಕ್ಕು ಅಂತ ಸಾಕಷ್ಟು ಬರವಣಿಗೆ ಬಂದಿದೆ. ನಮ್ಮ ವಿಮರ್ಶಕರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕತೆ, ಕವನ, ಕಾದಂಬರಿ ಬಿಟ್ಟರೆ ಉಳಿದದ್ದೆಲ್ಲ ಅವರಿಗೆ ಅರ್ಜಿ, ವರದಿ, ಕರಪತ್ರ. ನಾವು ಹಾಗೆ ತಿಳಿಯುವವರಲ್ಲ. 1973ರಲ್ಲಿ ಬಸವಲಿಂಗಪ್ಪನವರ ಮಾತಿನ ಮೇಲೆ ಬೂಸಾ ಗಲಾಟೆ ಎದ್ದಾಗ ನಮ್ಮವರ ಕೈಗೆ ಒದಗಿದ್ದು ಮಹಾಕಾವ್ಯವಲ್ಲ. ಕರಪತ್ರ ಮತ್ತು ಸಣ್ಣ ಪತ್ರಿಕೆ. ಆದ್ದರಿಂದ ಈ ಹೊಸ ಬರವಣಿಗೆಯನ್ನೂ ಸಾಹಿತ್ಯದಷ್ಟೇ ಗಂಭೀರವಾಗಿ ಓದಬೇಕು, ಅಷ್ಟೇ ಕಟುವಾಗಿ ಕೇಳಬೇಕು: ಯಾರ ಬಾಯಿಂದ ಬಂತು, ಯಾರ ಕಿವಿಗೆ ಮುಟ್ಟಿತು?

ಮೊದಲು ಅದು ಗೆದ್ದದ್ದನ್ನು ಹೇಳೋಣ. ಬೇರೆ ಭಾಷೆಯ ಚಿತ್ರವನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂಬ ಕಟ್ಟುಪಾಡು 1960ರ ದಶಕದಿಂದ ಬಂದದ್ದು. ಅದು ಕಾನೂನಲ್ಲ, ಉದ್ಯಮದವರು ಹಾಕಿಕೊಂಡ ಬೇಲಿ. ಬೆಂಗಳೂರಿನ ಓದಿದ ಹುಡುಗರು 'ಕನ್ನಡದ ಗ್ರಾಹಕ' ಎಂಬ ಮಾತನ್ನು ಹಿಡಿದು, ನೋಡುವವನಿಗೂ ಒಂದು ಹಕ್ಕಿದೆ ಅಂತ ವರ್ಷಗಟ್ಟಲೆ ಬರೆದರು. ಕನ್ನಡ ಗ್ರಾಹಕರ ಕೂಟ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಸಂಘಗಳಿಗೆ ದಂಡ ಹಾಕಿತು. 2017ರಲ್ಲಿ ಡಬ್ ಆದ ಚಿತ್ರ ಕನ್ನಡ ನಾಡಿನಲ್ಲಿ ತೆರೆ ಕಂಡಿತು. ಡಬ್ಬಿಂಗ್ ಬಂದರೆ ಲೈಟ್ ಹೊರುವ ಕೂಲಿಯವನ ಅನ್ನ ಹೋಗುತ್ತೆ ಅಂತ ಆಗ ಕೂಗಿದವರಿದ್ದರು. ಅವನ ಕೂಲಿ ಹೆಚ್ಚಿಸಿ ಅಂತ ಅವರೇ ಎಷ್ಟು ಸಲ ಬೀದಿಗಿಳಿದಿದ್ದರು, ಅದನ್ನೂ ಕೇಳಬೇಕಲ್ಲ?

ಈ ಜಗಳದಲ್ಲಿ ನಮಗೆ ಸಂಬಂಧಿಸಿದ ಒಂದು ಸಂಗತಿ ಅಡಗಿದೆ. 2012ರಲ್ಲಿ ಆಮಿರ್ ಖಾನ್ ನಡೆಸಿದ 'ಸತ್ಯಮೇವ ಜಯತೆ' ಟೀವಿಯಲ್ಲಿ ತಮಿಳಿಗೆ ಬಂತು, ತೆಲುಗಿಗೆ ಬಂತು, ಕನ್ನಡಕ್ಕೆ ಬರಲಿಲ್ಲ. ಅದರ ಒಂದು ಕಂತು ಅಸ್ಪೃಶ್ಯತೆಯ ಮೇಲೆ. ಅದರಲ್ಲಿ ಮಲ ಹೊರುವ ಪದ್ಧತಿಯ ಬಗ್ಗೆ ಮಾತಾಡಿದವರು ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್. ನಮ್ಮ ನಾಡಿನ ದಲಿತನೊಬ್ಬ ನಮ್ಮ ನಾಡಿನ ಹೊಲಸಿನ ಬಗ್ಗೆ ಹೇಳಿದ ಮಾತು ಕನ್ನಡದಲ್ಲಿ ಕೇಳಿಸದಂತೆ ಆ ಬೇಲಿ ತಡೆಯಿತು. ಕನ್ನಡದ ಉಳಿವಿನ ಹೆಸರಲ್ಲಿ! ಗ್ರಾಹಕ ಹೋರಾಟದ ಬರಹಗಳಲ್ಲಿ ಈ ಅಂಶ ಎದ್ದು ಕಾಣಬೇಕಿತ್ತು. ನಾವು ಓದಿದ ಮಟ್ಟಿಗೆ ಅಲ್ಲಿ ಕಾಣುವುದು ಸ್ಪೈಡರ್‌ಮ್ಯಾನ್, ಪ್ರಾಣಿಗಳ ಚಾನೆಲ್ಲು, ಮಕ್ಕಳ ಕಾರ್ಟೂನು.

ಎರಡನೆಯ ಗೆಲುವು ಇಂಟರ್ನೆಟ್ಟಿನದು. ಫೇಸ್‌ಬುಕ್ಕಿನ ಒಡೆಯ ಜುಕರ್‌ಬರ್ಗ್ ಬಡವರಿಗೆ ಪುಕ್ಕಟೆ ಇಂಟರ್ನೆಟ್ ಕೊಡ್ತೀನಿ ಅಂತ ಬಂದ. ಮಹಾರಾಷ್ಟ್ರದ ಗಣೇಶ ಎಂಬ ರೈತನ ಹೆಸರು ಹೇಳಿ ಪತ್ರಿಕೆಯಲ್ಲಿ ಲೇಖನ ಬರೆದ. ಪುಕ್ಕಟೆ ಅಂದರೆ ತಾನು ಆರಿಸಿದ ಕೆಲವೇ ತಾಣಗಳು. ಕೆರೆ ತುಂಬ ನೀರಿದ್ದರೂ ಗೌಡ ತೋರಿಸಿದ ಕಡೆಯೇ ಮೊಗೆಯಬೇಕು ಅಂದ ಹಾಗೆ. ಈ ಉಪಮೆ ನಮ್ಮ ಕೇರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷಾಂತರ ಜನ ಟ್ರಾಯ್‌ಗೆ ಪತ್ರ ಬರೆದರು. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರವನ್ನು ನಿಷೇಧಿಸಿತು. ದೊಡ್ಡ ಬಂಡವಾಳಶಾಹಿಯ ಎದುರು ಬರವಣಿಗೆ ಗೆದ್ದ ಅಪರೂಪದ ಉದಾಹರಣೆ ಇದು. ಸಂತೋಷ. ಆದರೆ ಆ ಪತ್ರಗಳಲ್ಲಿ ರೈತ ಗಣೇಶ ತಾನೇ ಬರೆದದ್ದು ಎಷ್ಟು? ಆ ಕಡೆಯವರು ಅವನ ಹೆಸರಲ್ಲಿ ಮಾತಾಡಿದರು, ಈ ಕಡೆಯವರೂ ಅವನ ಪರವಾಗಿ ಮಾತಾಡಿದರು.

ಈಗ ತಳಕಿಗೆ ಬರೋಣ. ಚಳ್ಳಕೆರೆ ತಾಲೂಕಿನ ಈ ಹೋಬಳಿ ಊರು ಓಟಿಗೆ ಮೊಳಕಾಲ್ಮೂರು ಕ್ಷೇತ್ರಕ್ಕೆ ಸೇರಿದ್ದು. ಸಾಹಿತ್ಯದವರಿಗೆ ತಳುಕು ಅಂದರೆ ವೆಂಕಣ್ಣಯ್ಯನವರು, ತ.ರಾ.ಸು. ಕುವೆಂಪು ರಾಮಾಯಣದರ್ಶನವನ್ನು ಅರ್ಪಿಸಿದ್ದು ಆ ವೆಂಕಣ್ಣಯ್ಯನವರಿಗೆ. ತ.ರಾ.ಸು. ದುರ್ಗದ ಕೋಟೆಯನ್ನು ಕನ್ನಡಕ್ಕೆ ಕಟ್ಟಿಕೊಟ್ಟರು. ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಕೋಟೆಯ ಕೆಳಗೆ ಶೇಂಗಾ ಕಿತ್ತು, ಕಂಬಳಿ ನೇಯ್ದು ಬೆರಳ ಗೆರೆ ಸವೆಸಿಕೊಂಡವರ ಕತೆ ಬೇರೆಯೇ ಇದೆ. ಇದೇ ತಾಲೂಕಿನ ಕಾವಲುಗಳಲ್ಲಿ, ಕುರಿ ದನ ಮೇಯುತ್ತಿದ್ದ ಸಾವಿರಾರು ಎಕರೆಯನ್ನು ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಸ್ಥೆಗೂ ಕೊಟ್ಟರು. 2016ರ ನವೆಂಬರ್‌ನಲ್ಲಿ ಇಲ್ಲಿಂದ ಪೈಲಟ್ ಇಲ್ಲದ ವಿಮಾನ ರುಸ್ತುಂ-2 ಮೊದಲ ಸಲ ಹಾರಿತು. ಆಳಿಲ್ಲದ ವಿಮಾನಕ್ಕೆ ಆಕಾಶದಲ್ಲಿ ಸಿಗ್ನಲ್ ಸಿಗುತ್ತೆ. ಕಣ್ಣೆದುರು ನಿಂತ ಆಳಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುವ ಉತ್ತರ: 'ಸರ್ವರ್ ಇಲ್ಲ, ನಾಳೆ ಬಾ.' ನಾಳೆ ಬಂದರೆ ಕೂಲಿ ಹೋಯ್ತು. ಬೆರಳು ಹಿಡಿಯದಿದ್ದರೆ ಅಕ್ಕಿಯೂ ಹೋಯ್ತು.

ಹೆಬ್ಬೆಟ್ಟಿನ ಚರಿತ್ರೆ ನಮಗೆ ಹೊಸದಲ್ಲ. ಏಕಲವ್ಯನ ಬೆರಳಿಂದ ಹಿಡಿದು ಸಾಹುಕಾರನ ಪತ್ರದವರೆಗೆ ಅದನ್ನು ಕೊಟ್ಟುಕೊಂಡೇ ಬಂದಿದ್ದೇವೆ. ಸಾಕ್ಷರತಾ ಆಂದೋಲನದಲ್ಲಿ ಮುದುಕಿಯರು ಸ್ಲೇಟು ಹಿಡಿದು ಸಹಿ ಕಲಿತದ್ದು ಈ ಅವಮಾನ ನೀಗಲಿ ಅಂತ. ಈಗ ಮೆಷಿನ್ನು ಬಂದು, ಸಹಿ ಬೇಡವ್ವ, ಬೆರಳಿಡು ಅನ್ನುತ್ತಿದೆ. ಬೆರಳನ್ನೂ ಅದು ನಂಬುತ್ತಿಲ್ಲ.

ಇವಳು ಗ್ರಾಹಕಳೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವ ಗ್ರಾಹಕ ಬೆಲೆ ಕೊಟ್ಟವನು, ಇಲ್ಲವೇ ಕೊಡುತ್ತೇನೆ ಅಂತ ಒಪ್ಪಿದವನು. ಪುಕ್ಕಟೆ ಸೇವೆ ಅದರೊಳಗೆ ಬರದು. ಅಕ್ಕಿ ಪುಕ್ಕಟೆಯಾದ ದಿನವೇ ಇವಳು ಗ್ರಾಹಕಳ ಸಾಲಿನಿಂದ ಹೊರಬಿದ್ದಳು. ಸರ್ಕಾರಿ ಕಾಗದದಲ್ಲಿ ಇವಳ ಹೆಸರು 'ಫಲಾನುಭವಿ'. ಈ ಪದದ ವಾಸನೆ ನೋಡಿ! ಕರ್ಮಫಲದ ಪಕ್ಕದ ಮನೆಯ ಪದ ಇದು. ಯಾರೋ ನೆಟ್ಟ ಮರದ ಹಣ್ಣನ್ನು ಪುಣ್ಯವಶಾತ್ ಉಂಡವಳು ಎಂಬ ಅರ್ಥ. ಬೆಳೆದವಳು ಅವಳೇ, ತೆರಿಗೆ ಕೊಟ್ಟು ಸೋಪು ಕೊಂಡವಳೂ ಅವಳೇ. 2013ರ ಆಹಾರ ಭದ್ರತಾ ಕಾಯ್ದೆ ಅವಳನ್ನು ಹಕ್ಕುದಾರಳು ಅನ್ನುತ್ತೆ. ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕು ಅನ್ನುತ್ತೆ. ಆದರೂ ನಮ್ಮ ಪ್ರಗತಿಪರ ಲೇಖಕರು ಕೂಡ ಫಲಾನುಭವಿ, ಫಲಾನುಭವಿ ಅಂತಲೇ ಬರೆಯುತ್ತಾರೆ. ಭಾಷೆಯಲ್ಲಿ ಸೋತದ್ದನ್ನು ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ.

ಕೋರ್ಟಿನ ಮಾತೂ ಬಂತು. ಆಧಾರ್ ವಿರುದ್ಧ 2012ರಲ್ಲಿ ಮೊದಲು ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪ್ಯಾನ್ ಜೊತೆ ಆಧಾರ್ ಜೋಡಣೆಯನ್ನು 2017ರಲ್ಲಿ ಪ್ರಶ್ನಿಸಿದವರಲ್ಲಿ ಅದೇ ಬೆಜವಾಡ ವಿಲ್ಸನ್ ಇದ್ದರು. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಕಡ್ಡಾಯ ತಪ್ಪಿತು. ಪಡಿತರಕ್ಕೆ ಉಳಿಯಿತು. ಅಂದರೆ ಖಾತೆ ಇದ್ದವನಿಗೆ ಖಾಸಗಿತನ, ಹಸಿದವಳಿಗೆ ಮೆಷಿನ್ನು. ಅಷ್ಟರಲ್ಲಿ, 2017ರಲ್ಲಿ, ಜಾರ್ಖಂಡದ ಸಿಮ್ಡೇಗಾದಲ್ಲಿ ರೇಷನ್ ನಿಂತು ಹನ್ನೊಂದು ವರ್ಷದ ಹುಡುಗಿ ಸತ್ತಿದ್ದಳು. ಗೋಕರ್ಣದ ದಲಿತ ಸಹೋದರರು ಮೂವರು ಸತ್ತದ್ದು ಅದೇ ವರ್ಷ. ಹಸಿವಿನಿಂದ ಅಂತ ಪಿಯುಸಿಎಲ್ ಹೇಳಿತು, ಆಡಳಿತ ಒಪ್ಪಲಿಲ್ಲ. ಆಧಾರ್ ಇಲ್ಲ ಅಂತ ಯಾರಿಗೂ ಧಾನ್ಯ ನಿರಾಕರಿಸಬೇಡಿ ಅಂತ ಕೇಂದ್ರ ಸುತ್ತೋಲೆ ಕಳಿಸಿದ್ದು ಆಮೇಲೆ, ಅಕ್ಟೋಬರ್ 24ಕ್ಕೆ.

ಆ ಸುತ್ತೋಲೆ ಎಷ್ಟು ಅಂಗಡಿಯ ಗೋಡೆ ಮೇಲೆ ಕನ್ನಡದಲ್ಲಿದೆ? ನಗರದ ಬರಹಗಾರರನ್ನು ನಾವು ಬಯ್ಯುತ್ತಾ ಕೂತರೆ ಈ ಕೆಲಸ ಆಗುವುದಿಲ್ಲ. ಅವರಿಗೆ ಕಾನೂನು ಗೊತ್ತು, ಸಾಲು ಗೊತ್ತಿಲ್ಲ. ನಮಗೆ ಸಾಲು ಗೊತ್ತು. ಆಹಾರ ಕಾಯ್ದೆಯ 27ನೇ ಕಲಂ ಪಡಿತರದ ದಾಖಲೆ ಜನರಿಗೆ ತೆರೆದಿರಬೇಕು ಅನ್ನುತ್ತೆ. 28ನೇ ಕಲಂ ಸಾಮಾಜಿಕ ಲೆಕ್ಕಪರಿಶೋಧನೆ ಅನ್ನುತ್ತೆ. ಇವನ್ನು ಹಿಡಿದು ಯಾವ ತಾರೀಕು, ಎಷ್ಟು ಸಲ ಬೆರಳಿಟ್ಟರು, ಎಷ್ಟು ಕೆಜಿ ಸಿಗಲಿಲ್ಲ, ಏನು ಕಾರಣ ಹೇಳಿದರು ಅಂತ ಬರೆದಿಡುವ ಒಂದು ನೋಟ್‌ಬುಕ್ಕು, ನಮ್ಮ ಕಾಲದ ಹತ್ತು ಕವನ ಸಂಕಲನಕ್ಕಿಂತ ದೊಡ್ಡ ಕೃತಿ ಅಂತ ನಾವು ಹೇಳುತ್ತೇವೆ.

ತಳಕು, ನಾಯಕನಹಟ್ಟಿ, ಪರಶುರಾಂಪುರ ಕಡೆಯ ಗೆಳೆಯರು ಅಂಥ ಬರಹ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಕವನಕ್ಕಿಂತ ಮೊದಲು ಅಚ್ಚು ಹಾಕುತ್ತೇವೆ. ಕಾಗುಣಿತದ ಚಿಂತೆ ಬೇಡ. ಹೆಸರು ಬೇಡ ಅಂದರೆ ಬಿಡುತ್ತೇವೆ. ತಾರೀಕು ಮಾತ್ರ ಬಿಡಬೇಡಿ.