ಆ ಹುಡ್ಗ ಅಲ್ಗೆ ಯಾವಾಗ ಬಂದ?

2011ರ ಮಾರ್ಚ್ 6, ಭಾನುವಾರ. ಕಣ್ಣು ತೋರಿಸಬೇಕು ಅಂತ ಅಪ್ಪ ಊರಿಂದ ಬಂದಿದ್ದ. ಮಡಿವಾಳದ ನನ್ನ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದು ಟಿವಿ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ. ಸಂಜೆ ಏಳಕ್ಕೆ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚು. ಅಪ್ಪನಿಗೂ ಫುಟ್‌ಬಾಲಿಗೂ ಯಾವ ಸಂಬಂಧವೂ ಇಲ್ಲ, ಆದರೆ ಇರೋದು ಒಂದೇ ರೂಮು, ಹೋಗೋದಾದ್ರೂ ಎಲ್ಲಿಗೆ? ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಕೂತ.

34ನೇ ನಿಮಿಷ. ಆಗಷ್ಟೇ ಜನವರಿಯಲ್ಲಿ ಲಿವರ್‌ಪೂಲಿಗೆ ಬಂದಿದ್ದ ಲೂಯಿಸ್ ಸುವಾರೆಜ್ ಎಡಗಡೆಯಿಂದ ಪೆನಲ್ಟಿ ಬಾಕ್ಸಿನೊಳಗೆ ನುಗ್ಗಿದ. ಒಬ್ಬ, ಇನ್ನೊಬ್ಬ, ಮತ್ತೊಬ್ಬ... ಯುನೈಟೆಡ್‌ನವರ ಕಾಲ ಸಂದಿಯಲ್ಲಿ ಚೆಂಡು ತೂರಿಸಿಕೊಂಡು ಬಂದವನೇ ಗೋಲಿಯನ್ನೂ ದಾಟಿಸಿ ತಳ್ಳಿಬಿಟ್ಟ. ಗೆರೆ ಹತ್ತಿರ ನಿಂತಿದ್ದ ಇನ್ನೊಬ್ಬ ಅದಕ್ಕೆ ಕಾಲು ಮುಟ್ಟಿಸಿದ. ಗೋಲ್! ನಾನು ಕುರ್ಚಿ ಬೀಳಿಸಿಕೊಂಡು "ಸುವಾರೆಜ್, ಸುವಾರೆಜ್" ಅಂತ ಕುಣೀತಿದ್ದೆ.

ಅಪ್ಪ ಮಾತ್ರ ಟಿವಿಯಿಂದ ಕಣ್ಣು ತೆಗೀಲಿಲ್ಲ. "ಒಳಿಕ್ಕೆ ಹೊಡ್ದೋನು ಅವನಲ್ವಲ್ಲೋ. ಹದಿನೆಂಟು ನಂಬರಿನವನು. ಆ ಹುಡ್ಗ ಅಲ್ಗೆ ಯಾವಾಗ ಬಂದ?"

ಆವತ್ತಿಗೆ ನಾನು ನಾಲ್ಕು ವರ್ಷದಿಂದ ಫುಟ್‌ಬಾಲ್ ನೋಡ್ತಿದ್ದೆ, ಓದ್ತಿದ್ದೆ, ಗೆಳೆಯರ ಹತ್ತಿರ ರಾತ್ರಿಯಿಡೀ ವಾದ ಮಾಡ್ತಿದ್ದೆ. ಈ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ.

ಆ ಹದಿನೆಂಟು ನಂಬರಿನ ಹುಡುಗ ಡಿರ್ಕ್ ಕೌಟ್. (ಜರ್ಸಿ ಮೇಲಿನ ಹೆಸರನ್ನ ನಮ್ಮ ಹಾಸ್ಟೆಲಿನಲ್ಲಿ 'ಕುಯ್ಟ್' ಅಂತ ಓದ್ತಿದ್ವಿ. ಇಂಗ್ಲಿಷ್ ಕಾಮೆಂಟ್ರಿಯವರು ಕೌಟ್ ಅಂತಾರೆ. ಡಚ್ಚರ ಬಾಯಲ್ಲಿ ಅದು ಎರಡೂ ಅಲ್ಲದ ಇನ್ನೇನೋ. ಹೆಸರನ್ನೂ ಯಾರೂ ನೆಟ್ಟಗೆ ಹೇಳದ ಮನುಷ್ಯ ಇವನು.) ಆವತ್ತು ಇನ್ನೆರಡು ಗೋಲು ಹೊಡೆದ. ಒಂದು, ಯುನೈಟೆಡ್‌ನ ನಾನಿ ತಪ್ಪಾಗಿ ಹಿಂದಕ್ಕೆ ತಲೆಕೊಟ್ಟ ಚೆಂಡು, ಇನ್ನೊಂದು ಸುವಾರೆಜನ ಫ್ರೀ ಕಿಕ್ಕನ್ನ ಗೋಲಿ ಕೈಚೆಲ್ಲಿದಾಗ ಸಿಕ್ಕಿದ್ದು. 3-1. ಯುನೈಟೆಡ್ ವಿರುದ್ಧ ಲಿವರ್‌ಪೂಲಿನವನೊಬ್ಬ ಹ್ಯಾಟ್ರಿಕ್ ಹೊಡೆದದ್ದು 1990ರಲ್ಲಿ ಪೀಟರ್ ಬಿಯರ್ಡ್ಸ್ಲಿ ಹೊಡೆದ ಮೇಲೆ ಅದೇ ಮೊದಲು. ಆದರೂ ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಸುವಾರೆಜ್. ಕೌಟ್ ಬಗ್ಗೆ ಇದ್ದದ್ದು ಒಂದು ಜೋಕು ಮಾತ್ರ: ಮೂರು ಗೋಲಿನ ದೂರ ಒಟ್ಟು ಕೂಡಿಸಿದ್ರೂ ಒಂದು ಬಸ್ಸಿನಷ್ಟು ಉದ್ದ ಆಗಲ್ಲ ಮಗಾ! ನಾನೂ ನಕ್ಕೆ. ನಗುವಾಗಲೇ ಅಪ್ಪನ ಪ್ರಶ್ನೆ ಒಳಗೆ ಕೊರೀತಿತ್ತು.

ಯಾಕೆಂದರೆ ರಾತ್ರಿ ನಾನು ಹೈಲೈಟ್ಸ್ ಮತ್ತೆ ಮತ್ತೆ ಹಾಕಿ ನೋಡಿದ್ದೆ. ಉತ್ತರ ಸಿಗಲಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತೆ. ಕೌಟ್ ಎಲ್ಲಿದ್ದ, ಯಾವಾಗ ಹೊರಟ, ಯಾರನ್ನ ತಪ್ಪಿಸಿಕೊಂಡು ಅಲ್ಲಿಗೆ ಬಂದ, ಯಾವುದೂ ಕಾಣಿಸಲ್ಲ. ತೊಂಬತ್ತು ನಿಮಿಷದ ಆಟದಲ್ಲಿ ಒಬ್ಬನ ಕಾಲಲ್ಲಿ ಚೆಂಡು ಇರೋದು ಎರಡೋ ಮೂರೋ ನಿಮಿಷ. ಉಳಿದ ಎಂಬತ್ತೇಳು ನಿಮಿಷ ಅವನು ಏನು ಮಾಡ್ತಾನೆ ಅನ್ನೋದೇ ನಿಜವಾದ ಫುಟ್‌ಬಾಲ್. ನಾವು ನೋಡೋದು, ಮಾತಾಡೋದು, ಫಾರ್ವರ್ಡ್ ಮಾಡೋದು ಮಾತ್ರ ಆ ಮೂರು ನಿಮಿಷವನ್ನ.

ಕೌಟ್ ಹುಟ್ಟಿದ್ದು 1980ರಲ್ಲಿ, ನೆದರ್‌ಲೆಂಡ್ಸಿನ ಕಡಲ ದಂಡೆಯ ಕಾಟ್ವೈಕ್ ಅನ್ನೋ ಮೀನುಗಾರರ ಊರಲ್ಲಿ. ಅಪ್ಪ ಮೀನು ಹಿಡಿಯೋನು. ಊರ ಕ್ಲಬ್ಬು ಕ್ವಿಕ್ ಬಾಯ್ಸ್‌ನಲ್ಲಿ ಆಡಿ, ಉಟ್ರೆಕ್ಟಿಗೆ ಹೋಗಿ, ಅಲ್ಲಿಂದ ರೋಟರ್‌ಡ್ಯಾಮಿನ ಫೆಯನೋರ್ಡ್ ಸೇರಿದ. ಈಗ ನಾನು ಹೇಳೋದನ್ನ ಗಮನ ಇಟ್ಟು ಓದಿ. ಫೆಯನೋರ್ಡಿನಲ್ಲಿ ಮೂರು ವರ್ಷ, ಲೀಗಿನ 101 ಮ್ಯಾಚು, 71 ಗೋಲು. 2004-05ರಲ್ಲಿ 29 ಗೋಲು ಹೊಡೆದು ಇಡೀ ಡಚ್ ಲೀಗಿಗೇ ಮೊದಲಿಗ. ಅಂದರೆ ಲಿವರ್‌ಪೂಲಿಗೆ 2006ರಲ್ಲಿ ಬಂದವನು ಪಾಪದ ದುಡಿಮೆಗಾರ ಅಲ್ಲ, ಒಂದು ದೇಶದ ನಂಬರ್ ಒನ್ ಸ್ಟ್ರೈಕರ್.

ಮುಂದಿನ ವರ್ಷ ಫರ್ನಾಂಡೊ ಟೊರೆಸ್ ಬಂದ. ಮುಂದೆ ನಿಲ್ಲೋ ಜಾಗ ಅವನದ್ದಾಯ್ತು. ಕೋಚ್ ರಫಾ ಬೆನಿಟೆಜ್, ಕೌಟ್‌ನನ್ನ ಬಲಗಡೆ ಅಂಚಿಗೆ ಕಳಿಸಿದರು. ವಿಂಗರ್‌ಗೆ ಬೇಕಾದ ವೇಗ ಅವನಿಗಿರಲಿಲ್ಲ, ಎದುರಾಳಿಯನ್ನ ಏಮಾರಿಸೋ ಕಾಲ್ಚಳಕವೂ ಇರಲಿಲ್ಲ. ಬೇರೆ ಸ್ಟಾರ್ ಆಗಿದ್ದರೆ ಏಜೆಂಟನ ಮೂಲಕ ಪತ್ರಿಕೆಗೆ ಸುದ್ದಿ ಬಿಡ್ತಿದ್ದ. ಇವನು ಹೋಗಿ ನಿಂತ. ಬರೀ ನಿಲ್ಲಲಿಲ್ಲ, ಆ ಜಾಗಕ್ಕೆ ಬೇರೆಯದೇ ಅರ್ಥ ಕೊಟ್ಟ. ತಂಡದ ಕೈಲಿ ಚೆಂಡಿಲ್ಲದಾಗ ತನ್ನ ರೈಟ್ ಬ್ಯಾಕಿನ ಪಕ್ಕಕ್ಕೆ ಇಳಿಯೋದು, ಎದುರಾಳಿ ಡಿಫೆಂಡರ್ ಚೆಂಡು ಎತ್ತಿಕೊಂಡ ತಕ್ಷಣ ಅವನ ಮೇಲೆ ಬೀಳೋದು, ಎಡಗಡೆಯಿಂದ ಕ್ರಾಸ್ ಬರೋ ಹೊತ್ತಿಗೆ ಮತ್ತೆ ಸ್ಟ್ರೈಕರ್ ಆಗಿ ಹಿಂದಿನ ಕಂಬದ ಹತ್ತಿರ ಹಾಜರಾಗೋದು. ಅವನು ಆ ಕಡೆ ಕಾಯ್ತಾನೆ ಅನ್ನೋ ಧೈರ್ಯದ ಮೇಲೆ ಜೆರಾರ್ಡ್ ಟೊರೆಸ್‌ನ ಹಿಂದೆ ನಿರಾಳವಾಗಿ ಓಡಾಡಿಕೊಂಡಿದ್ದ. ಜೆರಾರ್ಡ್-ಟೊರೆಸ್ ಜೋಡಿ ಬಗ್ಗೆ ಬರೆದವರು ಲೆಕ್ಕವಿಲ್ಲದಷ್ಟು. ಆ ಜೋಡಿಗೆ ಅಂಗಳ ಗುಡಿಸಿ ಕೊಟ್ಟವನ ಬಗ್ಗೆ?

ನನ್ನ ತಕರಾರು ಇಲ್ಲಿಂದ ಶುರು. ಕೌಟ್‌ನನ್ನ ಯಾರೂ ಹೊಗಳಿಲ್ಲ ಅಂತಲ್ಲ. ಹೊಗಳಿದ್ದಾರೆ, ಬೇಕಾದಷ್ಟು. 'ಎತ್ತಿನ ಹಾಗೆ ದುಡೀತಾನೆ', 'ಬೆವರು ಸುರಿಸ್ತಾನೆ', 'ದಣಿವೇ ಇಲ್ಲ'. ಹೊಗಳಿಕೆಯ ಒಂದೊಂದು ಮಾತೂ ಅವನ ಕಾಲು, ಶ್ವಾಸಕೋಶ, ಬೆನ್ನಿನ ಬಗ್ಗೆ. ತಲೆಯ ಬಗ್ಗೆ ಒಂದೂ ಇಲ್ಲ! ಹಿಂದಿನ ಕಂಬದ ಹತ್ತಿರ ಸರಿಯಾದ ಕ್ಷಣಕ್ಕೆ ಬಂದು ನಿಲ್ಲೋದು ಓಟದಿಂದ ಆಗೋ ಕೆಲಸ ಅಲ್ಲ. ಓಡೋಕೆ ಎಷ್ಟೋ ಜನ ಓಡ್ತಾರೆ. ಎಲ್ಲಿಗೆ, ಯಾವಾಗ ಅನ್ನೋದು ಲೆಕ್ಕಾಚಾರ. ಸುವಾರೆಜ್ ಮೂರು ಜನರನ್ನ ದಾಟಿದ್ದನ್ನ ಪ್ರತಿಭೆ ಅಂತೀವಿ, ಅದರ ಕೊನೆ ಎಲ್ಲಿ ಮುಗಿಯುತ್ತೆ ಅಂತ ಮೊದಲೇ ಊಹಿಸಿ ಅಲ್ಲಿಗೆ ಬಂದವನದ್ದನ್ನ ಶ್ರಮ ಅಂತೀವಿ. ಇದ್ಯಾವ ನ್ಯಾಯ ಕಣ್ರೀ?

ಇದರಲ್ಲಿ ನನ್ನ ಸ್ವಂತ ಉರಿಯೂ ಸ್ವಲ್ಪ ಇದೆ, ಮುಚ್ಚಿಡಲ್ಲ. ಹಳೇ ಕಂಪನಿಯೊಂದರಲ್ಲಿ ಎರಡು ವರ್ಷ ಪ್ರೊಡಕ್ಷನ್ ಸಪೋರ್ಟ್ ನೋಡಿಕೊಂಡೆ. ಆ ಎರಡು ವರ್ಷ ಸಿಸ್ಟಂ ಬೀಳಲಿಲ್ಲ. ಬೀಳದೇ ಇರೋದನ್ನ ಯಾವ ಸ್ಲೈಡಿನಲ್ಲಿ ತೋರಿಸ್ತೀರಿ? ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರ್ ನಗುನಗುತ್ತಾ, "ನೀನು ತುಂಬಾ ಹಾರ್ಡ್‌ವರ್ಕಿಂಗ್, ಊರ ಕಡೆಯವರು ಹಂಗೇ" ಅಂದರು. ಪ್ರಮೋಷನ್ನು ಚೆಂದ ಇಂಗ್ಲಿಷಿನಲ್ಲಿ ಡೆಮೊ ಕೊಟ್ಟವನಿಗೆ ಹೋಯ್ತು. ಬೇಜಾರಾಗಿದ್ದು ಪ್ರಮೋಷನ್ನಿಗಲ್ಲ, ಆ 'ಹಂಗೇ' ಅನ್ನೋ ಮಾತಿಗೆ. ನಾನು ಯೋಚನೆ ಮಾಡಿ ಬರೆದ ಅಷ್ಟೂ ಕೋಡನ್ನ ನನ್ನ ಊರಿನ ಲೆಕ್ಕಕ್ಕೆ, ನನ್ನ ರಟ್ಟೆಯ ಲೆಕ್ಕಕ್ಕೆ ಜಮಾ ಮಾಡಿಬಿಟ್ಟಿದ್ದರು. ಆವತ್ತು ಮನೆಗೆ ಬಂದು ಕೌಟ್‌ನ ಹಳೇ ಮ್ಯಾಚು ಹಾಕಿಕೊಂಡು ಕೂತೆ ಅಂದರೆ ನಗಬೇಡಿ.

ಹಾಗಂತ ಕೌಟ್‌ನಲ್ಲಿ ಕುಂದೇ ಇರಲಿಲ್ಲ ಅಂದರೆ ಅದು ವಿಮರ್ಶೆ ಅಲ್ಲ, ಭಜನೆ. ಅವನ ಫಸ್ಟ್ ಟಚ್ ನೋಡಿದರೆ ಎಷ್ಟೋ ಸಲ ಕಣ್ಣು ಮುಚ್ಕೊಳ್ಳೋ ಹಂಗಾಗ್ತಿತ್ತು. ಚೆಂಡು ಕಾಲಿಗೆ ಬಡಿದು ಗೋಡೆಗೆ ಹೊಡೆದ ಹಾಗೆ ವಾಪಸ್. ಮೊದಲ ಎರಡು ವರ್ಷ ನಾನೇ ಅವನನ್ನ ಬಾಯಿಗೆ ಬಂದಂಗೆ ಬೈದಿದ್ದೇನೆ. 2008-09ರ ಸೀಸನ್ ತಗೊಳ್ಳಿ. ಲಿವರ್‌ಪೂಲ್ ಸೋತದ್ದು ಎರಡೇ ಮ್ಯಾಚು. ಆದರೆ 11 ಡ್ರಾ! ಸ್ಟೋಕ್, ಫುಲ್ಹಮ್, ವೆಸ್ಟ್ ಹ್ಯಾಮ್‌ನಂಥ ತಂಡಗಳು ಆನ್‌ಫೀಲ್ಡಿಗೆ ಬಂದು ಗೋಲಿನ ಮುಂದೆ ಗೋಡೆ ಕಟ್ಟಿ 0-0 ಮಾಡಿಕೊಂಡು ಹೋದವು. 86 ಪಾಯಿಂಟಿಗೆ ನಿಂತು, ಯುನೈಟೆಡ್‌ಗಿಂತ ನಾಲ್ಕು ಕಮ್ಮಿಯಾಗಿ ಲೀಗ್ ಕೈತಪ್ಪಿತು. ಅಂಥ ಗೋಡೆ ಒಡೆಯೋಕೆ ಅಂಚಿನಲ್ಲಿ ಒಬ್ಬ ಮೋಡಿಗಾರ ಬೇಕಿತ್ತು, ಕೌಟ್ ಆ ಜಾತಿಯವನಲ್ಲ. ಅವನನ್ನ ಅಲ್ಲಿ ನಿಲ್ಲಿಸಿದ್ದಕ್ಕೆ ತಂಡ ತೆತ್ತ ಬೆಲೆ ಇದು.

ಆದರೆ ಅದೇ ಸೀಸನ್ನಿನ ಅಕ್ಟೋಬರ್ ನೋಡಿ. ಮ್ಯಾಂಚೆಸ್ಟರ್ ಸಿಟಿಯಲ್ಲಿ 2-0 ಹಿಂದಿದ್ದ ತಂಡ 3-2 ಗೆದ್ದಿತು. ಕೊನೆಯ ಗೋಲು ಇಂಜುರಿ ಟೈಮಿನಲ್ಲಿ, ಹೊಡೆದದ್ದು ಕೌಟ್. ಎರಡು ವಾರ ಬಿಟ್ಟು ವಿಗನ್ ವಿರುದ್ಧ ಮತ್ತೆ 3-2. 85ನೇ ನಿಮಿಷದ ಗೆಲುವಿನ ಗೋಲು ಮತ್ತೆ ಕೌಟ್. ಆ ವರ್ಷ ಅಂಚಿನಲ್ಲಿ ನಿಂತೇ ಲೀಗಿನಲ್ಲಿ 12 ಗೋಲು. ಗೋಡೆ ಒಡೆಯಲಾರ, ನಿಜ. ಬಿರುಕು ಬಿಟ್ಟರೆ ಮಾತ್ರ ಮೊದಲು ಅಲ್ಲಿರ್ತಿದ್ದವನು ಅವನೇ.

ದೊಡ್ಡ ರಾತ್ರಿಗಳಲ್ಲಿ ಅವನು ಅಡಗಿಕೊಂಡಿದ್ದನ್ನ ನಾನು ನೋಡಿಲ್ಲ. 2007ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಚೆಲ್ಸಿ ಎದುರು ಪೆನಲ್ಟಿ ಶೂಟೌಟಿನ ಗೆಲುವಿನ ಕಿಕ್ ಅವನದ್ದು. ಅಥೆನ್ಸ್‌ನ ಫೈನಲ್ ನಾನು ನೋಡಿದ ಮೊದಲ ಪೂರ್ತಿ ಮ್ಯಾಚು. ಹಾಸನದಲ್ಲಿ ಬಿಇ ಕೊನೇ ವರ್ಷ, ಹಾಸ್ಟೆಲ್ ಟಿವಿ ರೂಮು, ಕಲ್ಲಿಕೋಟೆಯ ರೂಮ್‌ಮೇಟ್ ನನ್ನನ್ನ ಎಳೆದುಕೊಂಡು ಹೋಗಿ ಕೂರಿಸಿದ್ದ. ರಾತ್ರಿ ಹನ್ನೆರಡೂಕಾಲಿಗೆ ಶುರು. ಎಸಿ ಮಿಲಾನ್ 2-0 ಮುಂದಿದ್ದಾಗ, 89ನೇ ನಿಮಿಷದಲ್ಲಿ ಕೌಟ್ ತಲೆಯಿಂದ ಒಂದು ಗೋಲು. ಸೋತರು. ಅದೇ ಬೇಸಿಗೆಯಲ್ಲಿ ಅವನ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡರು.

2012ರ ಲೀಗ್ ಕಪ್ ಫೈನಲ್ ಇನ್ನೂ ಚೆಂದ. ವೆಂಬ್ಲಿಯಲ್ಲಿ ಕಾರ್ಡಿಫ್ ಎದುರು ಬೆಂಚಿನಲ್ಲಿ ಕೂತಿದ್ದವನನ್ನ ಎಕ್ಸ್‌ಟ್ರಾ ಟೈಮಿನಲ್ಲಿ ಇಳಿಸಿದರು. ಗೋಲು ಹೊಡೆದ. ಆಮೇಲೆ ಓಡಿ ಬಂದು ತನ್ನದೇ ಗೋಲಿನ ಗೆರೆ ಮೇಲಿಂದ ಚೆಂಡು ಹೊರದಬ್ಬಿದ. ಅಷ್ಟಾದರೂ ಕಾರ್ಡಿಫ್ ಸಮ ಮಾಡಿತು. ಶೂಟೌಟಿನಲ್ಲಿ ಲಿವರ್‌ಪೂಲಿನ ಮೊದಲ ಎರಡು ಕಿಕ್ಕೂ ವ್ಯರ್ಥ, ಅದರಲ್ಲಿ ಒಂದು ಜೆರಾರ್ಡ್‌ನದ್ದು. ಮೂರನೆಯವನಾಗಿ ನಡೆದು ಬಂದವನು ಕೌಟ್. ಒಳಗೆ. ಆರು ವರ್ಷ, 285 ಮ್ಯಾಚು, 71 ಗೋಲು, ಲಿವರ್‌ಪೂಲಿನಲ್ಲಿ ಅವನು ಗೆದ್ದದ್ದು ಆ ಒಂದೇ ಕಪ್ಪು. ಅದೇ ಬೇಸಿಗೆಯಲ್ಲಿ ಟರ್ಕಿಯ ಫೆನೆರ್ಬಾಚೆಗೆ ಹೊರಟುಹೋದ.

ಅವನ ತಲೆಯ ಬಗ್ಗೆ ಹೇಳಿದೆನಲ್ಲ, ಅದಕ್ಕೆ ನನ್ನ ಸಾಕ್ಷಿ 2014ರ ವಿಶ್ವಕಪ್. ಫೋರ್ಟಲೆಜಾದಲ್ಲಿ ಮೆಕ್ಸಿಕೊ ಎದುರು ಮ್ಯಾಚು. ಎಂಥ ಬಿಸಿಲು ಅಂದರೆ, ನೀರು ಕುಡಿಯೋಕೆ ಆಟ ನಿಲ್ಲಿಸಿದ್ದರು. ಅದು ದೇಶಕ್ಕಾಗಿ ಅವನ ನೂರನೇ ಮ್ಯಾಚು, ವಯಸ್ಸು 33. ಕೋಚ್ ವಾನ್ ಗಾಲ್ ಅವನನ್ನ ಮೊದಲು ಎಡ ಅಂಚಿನ ಡಿಫೆನ್ಸಿನಲ್ಲಿ, ಆಮೇಲೆ ಬಲ ಅಂಚಿಗೆ, ಕೊನೆಗೆ ಸ್ಟ್ರೈಕರುಗಳ ಪಕ್ಕಕ್ಕೆ ಕಳಿಸಿದರು. ಒಂದೇ ಮ್ಯಾಚಿನಲ್ಲಿ ಮೂರು ಕೆಲಸ. ಬರೀ ಓಡೋಕೆ ಬರೋನಿಗೆ ಯಾವ ಕೋಚ್ ಹೀಗೆ ಮಾಡ್ತಾನೆ ಹೇಳಿ? ಆಟವನ್ನ ಮೂರು ದಿಕ್ಕಿನಿಂದಲೂ ಓದಬಲ್ಲವನಿಗೆ ಮಾತ್ರ ಹಾಗೆ ಹೇಳೋಕಾಗೋದು.

ಮೈದಾನದಲ್ಲಿ ಕೂತವರಿಗೆ ಇದೆಲ್ಲ ಗೊತ್ತಿತ್ತು ಅಂತ ನನಗನ್ನಿಸುತ್ತೆ. ಸ್ಟೇಡಿಯಮ್ಮಿನಲ್ಲಿ ಕ್ಯಾಮೆರಾ ಇಲ್ಲ, ಕಣ್ಣು ಎಲ್ಲಿ ಬೇಕಾದ್ರೂ ಹೋಗಬಹುದು. ಚೆಂಡು ಆ ಕಡೆ ಇದ್ದಾಗ ಈ ಕಡೆ ಒಬ್ಬ ಐವತ್ತು ಗಜ ಹಿಂದಕ್ಕೆ ಓಡ್ತಿರೋದು ಅವರಿಗೆ ಕಾಣುತ್ತೆ. ಆನ್‌ಫೀಲ್ಡಿನ ಜನ ಅವನಿಗೆ ಹಾಡು ಕಟ್ಟಿದ್ದು ಸುಮ್ನೆ ಅಲ್ಲ. ಟಿವಿಯಲ್ಲಿ ನೋಡಿದ ನಾವು ಬೈದೆವು.

ಅಪ್ಪನಿಗೆ ಕಂಡದ್ದು ಹೇಗೆ ಅಂತ ಆಮೇಲೆ ಯೋಚನೆ ಮಾಡಿದ್ದೇನೆ. ಚನ್ನರಾಯಪಟ್ಟಣದ ಹತ್ತಿರ ನಮ್ಮದು ಎರಡೆಕರೆ ತೆಂಗಿನ ತೋಟ. ತ್ರೀ ಫೇಸ್ ಕರೆಂಟು ಕೊಡೋದು ರಾತ್ರಿ. ಹನ್ನೆರಡಕ್ಕೋ ಎರಡಕ್ಕೋ ಎದ್ದು, ಬ್ಯಾಟರಿ ಹಿಡಿದು ಹೋಗಿ ಮೋಟ್ರು ಹಾಕಿ ನೀರು ಕಟ್ಟಬೇಕು. ಒಂದು ಪಾತಿ ತುಂಬೋಕೆ ಮೊದಲೇ ಮುಂದಿನ ಪಾತಿಯ ಹತ್ತಿರ ಸಲಿಕೆ ಹಿಡಿದು ನಿಂತಿರಬೇಕು, ತಡವಾದರೆ ನೀರು ಒಡೆದುಕೊಂಡು ಹೋಗುತ್ತೆ. ಮೊದಲೇ ಅಲ್ಲಿರೋದು ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಊರಲ್ಲಿ ಅವನನ್ನೂ 'ಗೇಯೋದ್ರಲ್ಲಿ ಎತ್ತು' ಅಂತಲೇ ಹೊಗಳ್ತಾರೆ. ಯಾವ ಮಣ್ಣು ಎಷ್ಟು ನೀರು ಕುಡಿಯುತ್ತೆ ಅಂತ ಕತ್ತಲಲ್ಲಿ ಕಾಲಲ್ಲೇ ತಿಳಿಯೋ ಅವನ ವಿದ್ಯೆಗೆ ನಮ್ಮೂರಲ್ಲಿ ಹೆಸರಿಲ್ಲ. ನಾನೂ ಇಟ್ಟಿರಲಿಲ್ಲ.

ಕೊನೆಯದೊಂದು ಮ್ಯಾಚು ಹೇಳ್ತೀನಿ. ಕೌಟ್ 2015ರಲ್ಲಿ ಫೆಯನೋರ್ಡಿಗೆ ವಾಪಸ್ ಬಂದ. ಆ ಕ್ಲಬ್ಬು 1999ರಿಂದ ಲೀಗ್ ಗೆದ್ದಿರಲಿಲ್ಲ. 2016-17ರಲ್ಲಿ ಇನ್ನೇನು ಗೆದ್ದೇಬಿಟ್ಟರು ಅನ್ನುವಾಗ, ಕೊನೆಯ ಹಿಂದಿನ ವಾರ ಎಕ್ಸೆಲ್ಸಿಯರ್ ಎದುರು 3-0 ಸೋತರು. ಆ ಸೀಸನ್ನಿನ ಹಲವು ಮ್ಯಾಚುಗಳಲ್ಲಿ 36ರ ಕೌಟ್ ಬೆಂಚು ಕಾದಿದ್ದ. 2017ರ ಮೇ 14ರ ಕೊನೆಯ ಮ್ಯಾಚಿಗೆ ಅವನನ್ನೇ ಕ್ಯಾಪ್ಟನ್ ಮಾಡಿ ಇಳಿಸಿದರು. ಹೆರಾಕ್ಲಿಸ್ ಎದುರು ಮೊದಲ ನಿಮಿಷದಲ್ಲೇ ಒಂದು ಗೋಲು. ಆಮೇಲೆ ಇನ್ನೊಂದು. ಆಮೇಲೆ ಪೆನಲ್ಟಿಯಿಂದ ಮೂರನೇದು. 3-1. ಮೂರು ದಿನ ಬಿಟ್ಟು ನಿವೃತ್ತಿ ಹೇಳಿದ. ಆ ಸಂಜೆ ನಾನು ಲ್ಯಾಪ್‌ಟಾಪ್ ಮುಂದೆ ಒಬ್ಬನೇ ಕೂತು ಅತ್ತೆ, ಯಾವತ್ತೂ ಫೆಯನೋರ್ಡ್ ಅಭಿಮಾನಿ ಆಗಿರದ ನಾನು.

ಮರುವರ್ಷ ಕಾಟ್ವೈಕಿನ ಕ್ವಿಕ್ ಬಾಯ್ಸ್‌ಗೆ ಸ್ಟ್ರೈಕರುಗಳ ಕೊರತೆ ಬಂತು. ಕೌಟ್ ಮತ್ತೆ ಬೂಟು ಕಟ್ಟಿಕೊಂಡು ಊರ ಕ್ಲಬ್ಬಿಗೆ ಆಡಿದ. ಸುದ್ದಿ ಓದಿದ ರಾತ್ರಿ ತಡೀಲಾರದೆ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಆವತ್ತು ಮಡಿವಾಳದಲ್ಲಿ ಟಿವಿಲಿ ನೋಡಿದ್ವಲ್ಲ, ಹದಿನೆಂಟು ನಂಬರಿನವನು, ಅವನು ರಿಟೈರ್ ಆದ್ಮೇಲೂ ಅವನೂರಿಗೆ ಹೋಗಿ ಆಡ್ತಾವ್ನಂತೆ" ಅಂದೆ.

"ಮೊದ್ಲೇ ಬಂದು ನಿಂತಿದ್ನಲ್ಲ, ಆ ಹುಡ್ಗನಾ?" ಅಂದ ಅಪ್ಪ. ಆಮೇಲೆ, "ಕರೆಂಟ್ ಬಂತು ಕಣ್ಲಾ, ಬೆಳಿಗ್ಗೆ ಮಾಡು" ಅಂತ ಫೋನ್ ಇಟ್ಟ.