ಎಕ್ಸ್‌ರೇ ಚಿತ್ರಕ್ಕೆ ಮಾಡಿದ ಶಸ್ತ್ರಚಿಕಿತ್ಸೆ

ಮಲ ಹೊರಬರಲು ಯೋನಿಯ ಹಿಂಗೋಡೆಯನ್ನು ಬೆರಳಿನಿಂದ ಒತ್ತಿಕೊಳ್ಳಬೇಕಾದ ಹೆಂಗಸರು ನಮ್ಮ ನಡುವೆ ಇದ್ದಾರೆ. ಗಂಡನಿಗೆ ಹೇಳುವುದಿಲ್ಲ, ಅಕ್ಕತಂಗಿಯರಿಗೂ ಹೇಳುವುದಿಲ್ಲ. ವೈದ್ಯರ ಮುಂದೆಯೂ ‘ಮಲಬದ್ಧತೆ’ ಎಂದಷ್ಟೇ ಹೇಳಿ ಸಿರಪ್ಪು ಬರೆಸಿಕೊಂಡು ಎದ್ದು ಬರುತ್ತಾರೆ. ಹೆರಿಗೆಗಳಿಂದ ಸಡಿಲವಾದ ಗುದನಾಳದ ಮುಂಗೋಡೆ, ತಿಣುಕಿದಾಗ ಯೋನಿಯ ಕಡೆಗೆ ಉಬ್ಬುತ್ತದೆ. ಮಲ ಆ ಉಬ್ಬಿನಲ್ಲೇ ನಿಂತುಬಿಡುತ್ತದೆ. ವೈದ್ಯರು ಇದನ್ನು ರೆಕ್ಟೊಸೀಲ್ ಎನ್ನುತ್ತಾರೆ. ಕೆಲವರಲ್ಲಿ ಗುದನಾಳದ ಗೋಡೆಯೇ ಮಡಚಿಕೊಂಡು ತನ್ನೊಳಗೆ ತಾನು ಇಳಿಯುತ್ತದೆ. ಇನ್ನು ಕೆಲವರಲ್ಲಿ ಗೋಡೆಗೆ ಏನೂ ಆಗಿರುವುದಿಲ್ಲ. ತಿಣುಕುವ ಹೊತ್ತಿಗೆ ಸಡಿಲಗೊಳ್ಳಬೇಕಾದ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಮೂವರ ದೂರೂ ಒಂದೇ: ಹೊಟ್ಟೆ ಖಾಲಿಯಾಗುವುದಿಲ್ಲ.

ಈ ದೂರಿಗೆ ಯೂರೋಪಿನ ಶಸ್ತ್ರಚಿಕಿತ್ಸಕರು ಈ ಶತಮಾನದ ಆರಂಭದಲ್ಲಿ ಎರಡು ದೊಡ್ಡ ಉತ್ತರಗಳನ್ನು ಕೊಟ್ಟರು. ಮೊದಲನೆಯದು ಇಟಲಿಯ ಆಂಟೋನಿಯೋ ಲೋಂಗೊ ಅವರ ‘ಸ್ಟಾರ್’ ವಿಧಾನ. 1990ರ ದಶಕದಲ್ಲಿ ಮೂಲವ್ಯಾಧಿಗೆ ದುಂಡು ಸ್ಟೇಪ್ಲರ್ ತಂದವರೂ ಇವರೇ. ಅದೇ ಉಪಕರಣವನ್ನು ಗುದದ್ವಾರದ ಮೂಲಕ ಒಳಗೆ ಹಾಕಿ, ಗುದನಾಳದ ಮುಂಗೋಡೆಯಿಂದ ಒಂದು ಪಟ್ಟಿ, ಹಿಂಗೋಡೆಯಿಂದ ಇನ್ನೊಂದು ಪಟ್ಟಿ ಕತ್ತರಿಸಿ ತೆಗೆಯುವುದು. ಅಂಚುಗಳನ್ನು ಲೋಹದ ಪಿನ್ನುಗಳು ಕೂಡಿಸುತ್ತವೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗಬೇಕಿಲ್ಲ. ಉಬ್ಬೂ ಹೋಯಿತು, ಮಡಿಕೆಯೂ ಹೋಯಿತು ಎಂಬ ತರ್ಕ ಕೇಳಲು ಚೆನ್ನಾಗಿತ್ತು.

ನನ್ನ ತಕರಾರು ಈ ತರ್ಕದ ಬಗ್ಗೆಯೇ. 1989ರಲ್ಲಿ, ಅಂದರೆ ಸ್ಟಾರ್ ಹುಟ್ಟುವುದಕ್ಕೆ ಎಷ್ಟೋ ಮೊದಲು, ‘ಗಟ್’ ಪತ್ರಿಕೆಯಲ್ಲಿ ಶೋರ್ವನ್ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಗಿತ್ತು. ಯಾವ ತೊಂದರೆಯೂ ಇಲ್ಲದ ಸ್ವಯಂಸೇವಕರ ಗುದನಾಳಕ್ಕೆ ಬೇರಿಯಂ ತುಂಬಿ, ಅವರು ಅದನ್ನು ಹೊರಹಾಕುವಾಗ ಎಕ್ಸ್‌ರೇ ತೆಗೆದರು. ಅವರಲ್ಲಿದ್ದ 21 ಹೆಂಗಸರ ಪೈಕಿ 17 ಮಂದಿಗೆ ರೆಕ್ಟೊಸೀಲ್ ಕಾಣಿಸಿತು. ಒಳಗೆ ಮಡಚಿಕೊಂಡ ಗೋಡೆಯೂ ಹಲವರಲ್ಲಿ ಕಂಡಿತು. ಇವರೆಲ್ಲ ದಿನವೂ ಸರಾಗವಾಗಿ ಶೌಚಕ್ಕೆ ಹೋಗಿಬರುತ್ತಿದ್ದವರು! ಚಿತ್ರದಲ್ಲಿ ಉಬ್ಬು ಕಂಡ ಮಾತ್ರಕ್ಕೆ ಅದೇ ತೊಂದರೆಯ ಮೂಲ ಎನ್ನಲಾಗದು ಎಂಬುದು ಅಂದೇ ಗೊತ್ತಿತ್ತು. ಹಾಗಿದ್ದೂ ಮುಂದೆ ಚಿತ್ರವನ್ನು ನೋಡಿಯೇ ಕತ್ತರಿಸುವ ರೂಢಿ ಬೆಳೆಯಿತು. ಸ್ನಾಯು ಬಿಗಿಯುವ ತೊಂದರೆಯುಳ್ಳ ಹೆಂಗಸಿಗೂ ಎಕ್ಸ್‌ರೇಯಲ್ಲಿ ಒಂದು ಸಣ್ಣ ಉಬ್ಬು ಇರಬಹುದು. ಅದನ್ನು ಕತ್ತರಿಸಿದರೆ ಬಿಗಿತ ಬಿಗಿತವಾಗಿಯೇ ಉಳಿಯುತ್ತದೆ. ರೋಮಿನ ಶಸ್ತ್ರಚಿಕಿತ್ಸಕ ಮಾರಿಯೋ ಪೆಸ್ಕಟೋರಿ ಇದನ್ನು ಕಡಲಲ್ಲಿ ತೇಲುವ ಹಿಮಬಂಡೆಗೆ ಹೋಲಿಸಿದರು: ಕಾಣುವ ಉಬ್ಬು ಮೇಲಿನ ತುದಿ, ಆತಂಕ, ಖಿನ್ನತೆ, ಸ್ನಾಯುವಿನ ತಪ್ಪು ನಡೆ ಎಲ್ಲವೂ ಕೆಳಗೆ ಮುಳುಗಿರುತ್ತವೆ.

ಗುದನಾಳ ಬರೀ ಕೊಳವೆಯಲ್ಲ, ಮಲವನ್ನು ಹೊತ್ತು ಬರುವ ತನಕ ಹಿಡಿದಿಡುವ ಚೀಲ. ಚೀಲ ಚಿಕ್ಕದಾದರೆ ತಡೆಯುವ ಶಕ್ತಿಯೂ ಕುಗ್ಗುತ್ತದೆ. 2009ರಲ್ಲಿ ಬಂದ ಯೂರೋಪಿನ ಸ್ಟಾರ್ ನೋಂದಣಿಯ ವರದಿಯಲ್ಲಿ ರೋಗಿಗಳ ಒಟ್ಟಾರೆ ಲಕ್ಷಣಗಳು ಸುಧಾರಿಸಿದ್ದವು, ನಿಜ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ತಡೆಯಲಾಗದ ಅವಸರ ಅಂಟಿಕೊಂಡಿತ್ತು. ಮುಂಗೋಡೆಯ ಆಚೆಗೇ ಯೋನಿ ಇದೆ. ಸ್ಟೇಪ್ಲರ್ ಅದನ್ನೂ ಸೇರಿಸಿ ಕಚ್ಚಿದರೆ ಎರಡರ ನಡುವೆ ರಂಧ್ರವಾಗಿ ಮಲ ಯೋನಿಯ ಮೂಲಕ ಬರತೊಡಗುತ್ತದೆ. ಅಪರೂಪದ ತೊಡಕು ಎಂದು ಪಠ್ಯಗಳು ಹೇಳುತ್ತವೆ, ಸರಿಯೇ. ಆದರೆ ಈ ಹೆಂಗಸರು ಬಂದದ್ದು ಪ್ರಾಣಾಪಾಯದ ಕಾಯಿಲೆಗಲ್ಲ. ಪ್ರಾಣಕ್ಕೆ ಕುತ್ತಿಲ್ಲದ ಕಾಯಿಲೆಗೆ ಅಪರೂಪದ ಅಪಾಯವನ್ನೂ ಬೇರೆ ತಕ್ಕಡಿಯಲ್ಲಿ ತೂಗಬೇಕು.

ಶಸ್ತ್ರಚಿಕಿತ್ಸೆಯ ಪರವಾಗಿ ಹೇಳಬೇಕಾದ ಮಾತೂ ಇದೆ. ಸ್ನಾಯುವನ್ನು ಸಡಿಲಿಸಲು ಕಲಿಸುವ ಬಯೋಫೀಡ್‌ಬ್ಯಾಕ್ ತರಬೇತಿಯನ್ನು ಸ್ಟಾರ್ ಜೊತೆ ಹೋಲಿಸಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತರಬೇತಿಯ ಗುಂಪಿನ ಸುಮಾರು ಅರ್ಧದಷ್ಟು ಹೆಂಗಸರು ನಡುವೆಯೇ ಬಿಟ್ಟುಹೋದರು. ಉಬ್ಬು ಮತ್ತು ಮಡಿಕೆ ಇದ್ದವರಿಗೆ ಸ್ಟಾರ್ ಹೆಚ್ಚು ನೆಮ್ಮದಿ ಕೊಟ್ಟಿತು. ತಿಂಗಳುಗಟ್ಟಲೆ ತರಬೇತಿಗೆ ಬನ್ನಿ ಎನ್ನುವುದು ಸುಲಭ, ಮನೆ, ಮಕ್ಕಳು, ಕೆಲಸ ಬಿಟ್ಟು ಬರುವುದು ಸುಲಭವಲ್ಲ.

ಎರಡನೆಯ ಉತ್ತರ ಬೆಲ್ಜಿಯಂನ ಲ್ಯೂವೆನ್‌ನಿಂದ ಬಂತು. ಆಂದ್ರೆ ಡಿಹೂರ್ ಅವರ ತಂಡ 2004ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಏನನ್ನೂ ಕತ್ತರಿಸಿ ಎಸೆಯುವುದಿಲ್ಲ. ಹೊಟ್ಟೆಯಲ್ಲಿ ಲ್ಯಾಪರೊಸ್ಕೋಪ್ ಇಳಿಸಿ, ಗುದನಾಳದ ಮುಂಭಾಗಕ್ಕೆ ಮೆಶ್ ಎಂಬ ಬಲೆಯಂಥ ಪಟ್ಟಿ ಹೊಲಿದು ಬೆನ್ನಿನ ತಳದ ಎಲುಬಿಗೆ ತೂಗುಹಾಕುತ್ತಾರೆ. ಹಿಂಭಾಗವನ್ನು ಮುಟ್ಟದಿರುವುದರಿಂದ ಅಲ್ಲಿನ ನರಗಳು ಉಳಿಯುತ್ತವೆ. ಹಳೆಯ ವಿಧಾನಗಳಲ್ಲಿ ಈ ನರಗಳಿಗೆ ಪೆಟ್ಟಾಗಿ ಮಲಬದ್ಧತೆ ಹೆಚ್ಚುತ್ತಿತ್ತು. ಎರಡರಲ್ಲಿ ಇದೇ ಉತ್ತಮ ಕಲ್ಪನೆ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಗುದನಾಳ ಪೂರ್ತಿಯಾಗಿ ಹೊರಜಾರುವವರಿಗೆ ಇದು ದೊಡ್ಡ ಉಪಕಾರ ಮಾಡಿದೆ. ಕೆಟ್ಟದ್ದು ಆದದ್ದು, ಒಳಗಿನ ಸಣ್ಣ ಮಡಿಕೆಗೂ ಇದನ್ನೇ ಧಾರಾಳವಾಗಿ ಹಬ್ಬಿಸಿದಾಗ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ 200ಕ್ಕೂ ಹೆಚ್ಚು ರೋಗಿಗಳಿಗೆ ಮೊದಲು ಬೇರೆ ಚಿಕಿತ್ಸೆ ಕೊಡಬೇಕಿತ್ತು ಎಂದು ಅಲ್ಲಿನ ಸರ್ಕಾರಿ ಆಸ್ಪತ್ರೆಯ ಟ್ರಸ್ಟ್ 2022ರಲ್ಲಿ ಒಪ್ಪಿಕೊಂಡಿತು. ಮೆಶ್ ಹಾಕಿದಷ್ಟು ಸಲೀಸಾಗಿ ತೆಗೆಯಲು ಬರುವುದಿಲ್ಲ, ಸುತ್ತಲ ಮಾಂಸ ಅದರೊಳಗೆ ಬೆಳೆದುಬಿಟ್ಟಿರುತ್ತದೆ.

ಜಾರಿದ ಅಂಗಗಳಿಗೆ ಯೋನಿಯ ಮೂಲಕವೇ ಹಾಕುತ್ತಿದ್ದ ಮೆಶ್ ಬೇರೆ ವಿಧಾನ, ಅದರ ಅಪಾಯವೂ ಬೇರೆ. ಅಮೆರಿಕದ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಅದರ ಮಾರಾಟ ನಿಲ್ಲಿಸಿತು. ಬ್ರಿಟನ್ನಿನಲ್ಲಿ ಮೆಶ್‌ನ ಹಾನಿಯನ್ನೂ ಪರಿಶೀಲಿಸಿದ ಬ್ಯಾರನೆಸ್ ಕಂಬರ್‌ಲೆಜ್ ಅವರ 2020ರ ವರದಿಯನ್ನು ಓದುವಾಗ ಎದೆ ಭಾರವಾಗುತ್ತದೆ: ನೋವು ಎಂದು ಬಂದ ಹೆಂಗಸರಿಗೆ ಅದು ಮನಸ್ಸಿನ ಭ್ರಮೆ, ವಯಸ್ಸಿಗೆ ಸಹಜ ಎಂದು ವರ್ಷಗಟ್ಟಲೆ ಹೇಳಿ ಕಳಿಸಲಾಗಿತ್ತು. ಯಾರಿಗೆ ಏನು ಹಾಕಿದೆವು ಎಂಬ ಪೂರ್ತಿ ದಾಖಲೆಯೇ ಇರಲಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಕಲಬುರಗಿಯ ತಾಂಡಾಗಳಲ್ಲಿ ಎಳೆಯ ಹೆಂಗಸರ ಗರ್ಭಕೋಶ ಬೇಕಿಲ್ಲದೆ ತೆಗೆದ ಪ್ರಕರಣಗಳು ನೆನಪಿವೆ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೂ ಸಿಕ್ಕಿದ್ದು ಕತ್ತರಿಯೇ. ಅಂಥ ಕಡೆ ಸ್ಟೇಪ್ಲರ್, ಮೆಶ್ ಬಂದು ಸೇರುವ ಮೊದಲು, ಶ್ರೋಣಿಯ ಸ್ನಾಯುಗಳ ತರಬೇತಿ ಕೊಡಬಲ್ಲ ಫಿಸಿಯೋಥೆರಪಿಸ್ಟ್ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಒಬ್ಬರು ಬೇಕು. ಆ ತರಬೇತಿ ಮುಗಿಸಿಯೂ ಬೆರಳಿಡದೆ ಮಲ ಬಾರದವರಿಗೆ, ಗುದನಾಳ ಪೂರ್ತಿ ಹೊರಬರುವವರಿಗೆ ಶಸ್ತ್ರಚಿಕಿತ್ಸೆ ಮಾಡಲಿ, ತಡಮಾಡದೆ ಮಾಡಲಿ. ಆದರೆ ವರ್ಷದ ನಂತರ ಇನ್ನೊಂದು ಎಕ್ಸ್‌ರೇ ತೆಗೆದು ಸಮಾಧಾನ ಪಡುವುದು ಬೇಡ. ಈಗಲೂ ಒತ್ತಿಕೊಳ್ಳಬೇಕೇ, ಬಸ್ಸಿನಲ್ಲಿ ದೂರ ಹೋಗಲು ಧೈರ್ಯವಿದೆಯೇ, ಗಂಡನ ಜೊತೆ ಮಲಗುವಾಗ ನೋವಿದೆಯೇ ಎಂದು ಅವಳನ್ನೇ ಕೇಳಿ ಬರೆದಿಡಲಿ.